ತಿರುಗಿ ಹೇಳು

ಬೀಗದ ಸಾಹೇಬರು ಅಂತ ಅವರಿಗೆ ಹೆಸರಿಟ್ಟ ಪುಣ್ಯಾತ್ಮ ಯಾರೋ, ಕಾಗದದ ಗಿರಣಿಯಲ್ಲಿ ಈಗ ಯಾರಿಗೂ ನೆನಪಿಲ್ಲ. ಹೆಸರು ಮಾತ್ರ ಗೋಂದು ಹಚ್ಚಿದ ಹಾಗೆ ಅಂಟಿಕೊಂಡಿತ್ತು. ಬೆನ್ನ ಹಿಂದೆ ಬೀಗದ ಸಾಹೇಬ್ರು, ಎದುರಿಗೆ ಸಾರ್. ಯಂತ್ರಗಳ ರಿಪೇರಿ ವಿಭಾಗಕ್ಕೆ ಅವರೇ ಮೇಲ್ವಿಚಾರಕರು. ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು: ಒಂದು ಬರೆಯುವುದಕ್ಕೆ, ಇನ್ನೊಂದು ಮೊದಲನೆಯದು ಕೈಕೊಟ್ಟರೆ ಬರೆಯುವುದಕ್ಕೆ. ಆ ಎರಡನೆಯದರ ಮುಚ್ಚಳ ತೆಗೆದದ್ದನ್ನು ಕಂಡವರಿಲ್ಲ. ಮೊದಲನೆಯದು ಕೈಕೊಡುವ ಮುಂಚೆಯೇ ಅದರ ರೀಫಿಲ್ಲು ಬದಲಾಗಿರುತ್ತಿತ್ತು.

ಬೀಗದ ವಿಷಯ ಹೀಗೆ. ಗಿರಣಿಯ ಹಿಂಭಾಗದಲ್ಲಿ ಹಳೇ ಕಾಗದ ಅರೆಯುವ ದೊಡ್ಡ ಕಬ್ಬಿಣದ ತೊಟ್ಟಿಯೊಂದಿದೆ. ತಳದಲ್ಲಿ ಬ್ಲೇಡುಗಳು. ಕಾಗದದ ರಾಶಿ ನೆಲದಡಿಯ ಸುರಂಗದಿಂದ ಬೆಲ್ಟಿನ ಮೇಲೆ ಬಂದು ಇದರೊಳಗೆ ಬೀಳುತ್ತದೆ. ರಿಪೇರಿಗೆಂದು ಒಳಗೆ ಇಳಿಯುವವನು ಮೊದಲು ಪ್ಯಾನೆಲ್ ರೂಮಿಗೆ ಹೋಗಿ, ಸ್ವಿಚ್ಚು ಆಫ್ ಮಾಡಿ, ಅದಕ್ಕೆ ತನ್ನದೇ ಬೀಗ ಜಡಿದು, ಬೀಗದಕೈಯನ್ನು ಜೇಬಿಗಿಟ್ಟುಕೊಂಡು ಇಳಿಯಬೇಕು. ಐವರು ಇಳಿದರೆ ಐದು ಬೀಗ. ಹೊರಗೆ ಬಂದವನು ತನ್ನ ಬೀಗವನ್ನು ತಾನೇ ತೆಗೆಯಬೇಕು. ಒಂದೇ ಒಂದು ಬೀಗ ಉಳಿದರೂ ತೊಟ್ಟಿ ತಿರುಗುವ ಹಾಗಿಲ್ಲ, ಮತ್ತು ಬ್ರಹ್ಮನೇ ಬಂದು ಹೇಳಿದರೂ ಇನ್ನೊಬ್ಬನ ಬೀಗವನ್ನು ಮುಟ್ಟುವ ಹಾಗಿಲ್ಲ. ಯಾರಾದರೂ ಮರೆತು ಹೋದರೆ ಫೋನ್ ಮಾಡಿ ಕರೆಸಬೇಕು, ಅವನೇ ಬಂದು ತೆಗೆಯಬೇಕು. ಫೋನಿಗೆ ಸಿಗಲೇ ಇಲ್ಲವೆಂದರೆ ತೊಟ್ಟಿ, ಸುರಂಗ ಎರಡನ್ನೂ ಜಾಲಾಡಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ಬೀಗ ಕತ್ತರಿಸಬಹುದು. ಮರೆತವನಿಗೆ ಮೂರು ದಿನ ಸಸ್ಪೆನ್ಷನ್ನು. ಅವನು ಯಾರಾದರೂ ಸರಿ.

ಈ ನಿಯಮವನ್ನು ಬೈಯುವ ನಾಲಿಗೆಗೆ ಹುಳ ಬೀಳಬೇಕು. ಸಾಹೇಬರು ಬರುವ ಮುಂಚೆ ಆ ತೊಟ್ಟಿ ಒಬ್ಬನ ಕಾಲು ತಿಂದಿತ್ತು. ಅವರು ಬಂದಮೇಲೆ ಯಾರದೂ ಒಂದು ಉಗುರೂ ಹೋಗಿಲ್ಲ. ಆದರೆ ಉಗುರು ಉಳಿಸಿಕೊಟ್ಟವರನ್ನು ಯಾರಾದರೂ ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆಯೇ? ಕ್ಯಾಂಟೀನಿನಲ್ಲಿ ಸಾಹೇಬರು ತಮ್ಮ ಡಬ್ಬಿ ಇಟ್ಟ ಮೇಜಿನಿಂದ ಜನ ಒಬ್ಬೊಬ್ಬರಾಗಿ, ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದರು. ಹೋದವರು ಕೈ ತೊಳೆದು ಬೇರೆ ಮೇಜಿಗೆ ಹೋಗುತ್ತಿದ್ದರು.

ಅವರ ಮಾತೂ ಹಾಗೇ ಇತ್ತು. ಏನೇ ಹೇಳಲಿ, ‘ಪಾಯಿಂಟ್ ಒಂದು’ ಎಂದು ಶುರು. ಎಲ್ಲ ಪಾಯಿಂಟುಗಳೂ ಮುಗಿದ ಮೇಲೆ ಎದುರಿನವನ ಮುಖ ನೋಡಿ, “ಅರ್ಥ ಆಯ್ತಾ? ತಿರುಗಿ ಹೇಳು” ಎನ್ನುವರು. ಕೇಳಿಸಿಕೊಂಡವನು ಗಿಣಿಪಾಠದ ಹಾಗೆ ಒಪ್ಪಿಸಬೇಕು. ಯಂತ್ರಗಳ ಗದ್ದಲದಲ್ಲಿ ಅರ್ಧ ಮಾತು ಹಾರಿಹೋಗಿ ಅನಾಹುತವಾಗುತ್ತದೆ ಎಂಬುದು ಅವರ ಲೆಕ್ಕ, ಅದೂ ಸುಳ್ಳಲ್ಲ. ಒಮ್ಮೆ ಕ್ಯಾಂಟೀನಿನ ಬಾಗಿಲಲ್ಲಿದ್ದಾಗ ಒಳಗೆ ಯಾರೋ ತಮ್ಮದೇ ದನಿ ತೆಗೆದು ಅಣಕಿಸುವುದು ಅವರ ಕಿವಿಗೆ ಬಿತ್ತು. “ಪಾಯಿಂಟ್ ಒಂದು, ಹೆಂಡ್ತಿ ಕರೆದ್ರೆ ಓಗೊಡಬೇಕು. ಪಾಯಿಂಟ್ ಎರಡು, ಯಾಕೆ ಕರೆದೆ ಅಂತ ಲಿಖಿತವಾಗಿ ಕೇಳಬೇಕು!” ಒಳಗೆ ನಗೆಯೋ ನಗೆ. ಸಾಹೇಬರು ಡಬ್ಬಿ ಹಿಡಿದು ಹಿಂದಕ್ಕೆ ಹೋದರು. ಅಣಕಿಸಿದವನಿಗೆ ಅವರ ಹೆಂಡತಿ ತೀರಿಹೋದದ್ದು ತಿಳಿದಿರಲಿಲ್ಲ, ಹೊಸಬ. ತಿಳಿದವರು ಒಬ್ಬರೂ ನಕ್ಕಿರಲಿಲ್ಲ ಎಂಬುದು ಸಾಹೇಬರಿಗೆ ಗೊತ್ತಾಗಲಿಲ್ಲ.

ತಿಳಿದವರಲ್ಲಿ ಮೊದಲಿಗ ಫಿಟ್ಟರು. ಅವನು ಸಾಹೇಬರ ಹೆಂಡತಿಯ ಒಡಹುಟ್ಟಿದ ತಮ್ಮ. ಗಿರಣಿಗೆ ಸೇರಿಸಿದ್ದು ಸಾಹೇಬರೇ, ಸ್ಪ್ಯಾನರು ಹಿಡಿಯುವುದನ್ನು ಕಲಿಸಿದ್ದೂ ಅವರೇ. ಆ ಕಾಲದಲ್ಲಿ ಎರಡೂ ಮನೆಗೆ ಒಂದೇ ಗೋಡೆ. ಸಾಹೇಬರಿಗೆ ಮಕ್ಕಳಿರಲಿಲ್ಲ, ಫಿಟ್ಟರನ ಮಗಳು ಬೆಳೆದದ್ದು ಅರ್ಧಕ್ಕರ್ಧ ಇವರ ಮನೆಯಲ್ಲೇ. ಸಂಜೆ ಇವರು ಬಾಗಿಲಿಗೆ ಬರುವುದೇ ತಡ, ಆ ಪುಟ್ಟ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತು, “ಮಾವ, ಬೀಗ ಎಲ್ಲಿ? ಬೀಗದಕೈ ಎಲ್ಲಿ?” ಎಂದು ಗದರುವಳು. ಇವರು ಎರಡನ್ನೂ ಜೇಬಿನಿಂದ ತೆಗೆದು ತೋರಿಸಿದ ಮೇಲೇ ಒಳಗೆ ಪ್ರವೇಶ. ಅವಳಿಗೆ ಇನ್‌ಸ್ಪೆಕ್ಟರಮ್ಮ ಎಂದು ಹೆಸರಿಟ್ಟವರು ಸಾಹೇಬರೇ. ತಮಾಷೆ ಮಾಡಲು ಬಾರದ ಮನುಷ್ಯ ಇಟ್ಟ ಒಂದೇ ಒಂದು ಅಡ್ಡಹೆಸರು ಅದು.

ಆಮೇಲೆ ಹೆಂಡತಿ ಆಸ್ಪತ್ರೆ ಸೇರಿದಳು. ಒಂದು ದಿನ ಅವಳಿಗೆ ಕಾಯಿಲೆ ಜೋರಾಗಿದೆ ಎಂದು ಆಸ್ಪತ್ರೆಯಿಂದ ಫೋನು ಬಂತು. ಸಾಹೇಬರು ಬಾಯ್ಲರಿನ ಒಳಗಿದ್ದರು. ಒಳಗೆ ಇಳಿಯುವಾಗ ಫೋನು ಆಫ್ ಮಾಡಬೇಕು, ನಿಯಮ. ಹಾಗಾಗಿ ಫೋನು ಹೋದದ್ದು ತಮ್ಮನಿಗೆ. ಅವನು ಆಗಷ್ಟೇ ತೊಟ್ಟಿಯಿಂದ ಮೇಲೆ ಬಂದಿದ್ದವನು, ಕೈಯಲ್ಲಿದ್ದದ್ದನ್ನು ಅಲ್ಲೇ ಎಸೆದು ಓಡಿದ. ಸ್ವಿಚ್ಚಿನ ಮೇಲೆ ಅವನ ಬೀಗ ಹಾಗೇ ಉಳಿಯಿತು. ಸಾಹೇಬರು ಹೊರಬಂದು ನೋಡಿದರು. ಆಸ್ಪತ್ರೆಗೆ ಓಡಿದ್ದಾನೆ ಎಂದರು ಜನ. ಅವಳಿಗೆ ಹೀಗೆ ಜೋರಾಗುವುದು, ಇಳಿಯುವುದು ತಿಂಗಳುಗಟ್ಟಲೆಯಿಂದ ನಡೆದಿತ್ತು. ಪಾಳಿ ಮುಗಿಸಿ ಹೋದರಾಯಿತು ಎಂದುಕೊಂಡರು. ಫೋನ್ ಮಾಡಿದರು. ಅವನು ಎತ್ತಿದ. ಫೋನಿಗೆ ಸಿಕ್ಕವನು ಬರಲೇಬೇಕು. ಬಂದ, ಬೀಗ ತೆಗೆದ, ಮತ್ತೆ ಓಡಿದ. ಅವನು ಹೋಗಿ ಮುಟ್ಟುವಷ್ಟರಲ್ಲಿ ಅಕ್ಕ ಇರಲಿಲ್ಲ.

ಸಸ್ಪೆನ್ಷನ್ ಚೀಟಿಯನ್ನೂ ಸಾಹೇಬರು ಬರೆದರು. ಬರೆಯದೆ ಬಿಟ್ಟರೆ, ಸ್ವಂತ ಭಾವಮೈದುನನಿಗೊಂದು ನ್ಯಾಯ, ಊರವರಿಗೊಂದು ನ್ಯಾಯ ಎಂದಾಗುತ್ತಿತ್ತು. ಅಲ್ಲಿಂದ ಫಿಟ್ಟರು ಮನೆ ಬದಲಾಯಿಸಿದ. ‘ಭಾವ’ ಎನ್ನುತ್ತಿದ್ದವನು ‘ಸಾರ್’ ಎನ್ನತೊಡಗಿದ. ಜಗಳ ಆಡಲಿಲ್ಲ, ಅದೇ ಕಷ್ಟ. ಜಗಳವಾಡಿದ್ದರೆ ಎಲ್ಲೋ ಒಂದು ಕಡೆ ಮುಗಿಯುತ್ತಿತ್ತು. ಕೆಲಸ ಹೇಳಿದರೆ ಮಾಡುತ್ತಿದ್ದ, ತಿರುಗಿ ಹೇಳು ಎಂದರೆ ಒಂದಕ್ಷರ ತಪ್ಪದೆ ತಿರುಗಿ ಹೇಳುತ್ತಿದ್ದ. ಅಷ್ಟು ಚೆನ್ನಾಗಿ ತಿರುಗಿ ಹೇಳುವವನು ಇಡೀ ಗಿರಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಸಾಹೇಬರು ಒಂದೊಂದು ಸಲ, ಬೇಕಿಲ್ಲದಿದ್ದರೂ, ಅವನಿಗಾಗಿ ನಾಲ್ಕನೇ ಪಾಯಿಂಟೊಂದನ್ನು ಸೇರಿಸುತ್ತಿದ್ದರು. ಅವನು ಇನ್ನೊಂದು ವಾಕ್ಯ ಆಡಲಿ ಎಂದು.

ಹೀಗೇ ವರ್ಷಗಳು ಕಳೆದವು. ಒಂದು ದಿನ ರಿಪೇರಿ ಮುಗಿದು ಎಲ್ಲರೂ ಮೇಲೆ ಬಂದ ಬಳಿಕ ಸಾಹೇಬರು ಎಂದಿನಂತೆ ತಾವೊಬ್ಬರೇ ಇಳಿದು ಬೋಲ್ಟುಗಳನ್ನು ಮುಟ್ಟಿ ನೋಡಿದರು. ಮೇಲೆ ಬಂದ ಮೇಲಿನ ಕೆಲಸಗಳು ಅವರಿಗೆ ಸರಪಳಿಯ ಹಾಗೆ: ಫೋನ್ ಆನ್ ಮಾಡುವುದು, ಬೀಗ ತೆಗೆಯುವುದು, ಕೈ ತೊಳೆಯುವುದು, ಡಬ್ಬಿ ಎತ್ತಿಕೊಳ್ಳುವುದು, ಗೇಟಿನಲ್ಲಿ ಕಾರ್ಡು ಪಂಚ್ ಮಾಡುವುದು. ಒಂದು ಕೊಂಡಿ ಇನ್ನೊಂದನ್ನು ಎಳೆದು ತರುತ್ತಿತ್ತು. ನೆನಪಿಟ್ಟುಕೊಳ್ಳುವ ಪ್ರಮೇಯವೇ ಇರಲಿಲ್ಲ. ತೊಟ್ಟಿಯ ಬಾಗಿಲಿನಿಂದ ತಲೆ ಹೊರಗೆ ಹಾಕಿದಾಗ ಎದುರಿಗೆ ಫಿಟ್ಟರು ನಿಂತಿದ್ದ. ಕೈಯಲ್ಲಿ ಮದುವೆ ಕಾರ್ಡುಗಳ ಕಟ್ಟು.

“ಮಗಳ ಮದುವೆ. ತಗೊಳ್ಳಿ ಸಾರ್” ಎಂದು ಒಂದನ್ನು ಕೊಟ್ಟು ಮುಂದಿನವರ ಕಡೆ ಹೋದ.

ಇನ್‌ಸ್ಪೆಕ್ಟರಮ್ಮನ ಮದುವೆ. ಸಾಹೇಬರು ಲಕೋಟೆ ತಿರುಗಿಸಿ ನೋಡಿದರು. ಅವನದೇ ಅಕ್ಷರ: ‘ಮೇಲ್ವಿಚಾರಕರು, ರಿಪೇರಿ ವಿಭಾಗ’. ಪ್ಯಾಕಿಂಗಿನವರಿಗೆ ಕೊಟ್ಟ ಹಾಗೆ, ವಾಚ್‌ಮ್ಯಾನಿಗೆ ಕೊಟ್ಟ ಹಾಗೆ, ಇವರಿಗೂ ಒಂದು. ಕೊಡದೇ ಇದ್ದಿದ್ದರೆ ಕೋಪ ಎಂದಾದರೂ ತಿಳಿದುಕೊಳ್ಳಬಹುದಿತ್ತು. ಇದು ಕೋಪವೂ ಅಲ್ಲ. ಕಾರ್ಡನ್ನು ಕೈಯಲ್ಲಿ ಹಿಡಿದೇ ನಡೆದರು. ಪಾಳಿ ಬಿಟ್ಟ ಜನ ಗೇಟಿನತ್ತ ಹೊರಟಿತ್ತು. ಗುಂಪಿನಲ್ಲಿ ಗೋವಿಂದ ಎಂಬಂತೆ ಅವರೊಳಗೆ ಸೇರಿ ಹೊರಗೆ ಬಂದುಬಿಟ್ಟರು. ಫೋನಿಲ್ಲ, ಬೀಗವಿಲ್ಲ, ಡಬ್ಬಿಯಿಲ್ಲ, ಪಂಚಿಲ್ಲ. ಮೊದಲ ಕೊಂಡಿ ಕಳಚಿತ್ತು, ಮಿಕ್ಕದ್ದೆಲ್ಲ ಅದರ ಹಿಂದೆಯೇ ಹೋಯಿತು.

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕುಳಿತರು. ತಮ್ಮ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಮದುವೆಗೆ ಹೋದರೆ ಎಲ್ಲಿ ಕೂರಬೇಕು ಎಂದು ಯೋಚಿಸುತ್ತಿದ್ದರು. ಮಾವನ ಜಾಗ ಒಂದು ಕಡೆ, ಸಾರ್ ಜಾಗ ಇನ್ನೊಂದು ಕಡೆ. ಕಾರ್ಡಿನ ಪ್ರಕಾರ ಗಿರಣಿಯವರ ಜೊತೆ ಹಿಂದಿನ ಸಾಲಿನಲ್ಲಿ ಕೂರಬೇಕು. ಅಲ್ಲಿ ಕುಳಿತರೆ ಸಾಲಿನವರು ಒಬ್ಬೊಬ್ಬರಾಗಿ ಕೈ ತೊಳೆಯಲು ಎದ್ದು ಹೋಗುತ್ತಾರೆ. ಅದನ್ನು ನೆನೆದು ಅವರಿಗೆ ಸಣ್ಣಗೆ ನಗು ಬಂತು. ನಗಲು ಜೊತೆಗೆ ಯಾರೂ ಇರಲಿಲ್ಲ.

ಮೂರನೇ ಬಸ್ಸಿಗೆ ಎದ್ದು, ಚಿಲ್ಲರೆಗೆಂದು ಜೇಬಿಗೆ ಕೈ ಹಾಕಿದರು. ಕೈಗೆ ಬೀಗದಕೈ ಸಿಕ್ಕಿತು. ಬೀಗ ಸಿಗಲಿಲ್ಲ.

ಮಾವ, ಬೀಗ ಎಲ್ಲಿ?

ಸಾಹೇಬರು ರಸ್ತೆಯಲ್ಲಿ ಓಡಿದ್ದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಓಡುತ್ತಲೇ ಫೋನು ತೆಗೆದರು, ಅದು ಆಫಾಗಿತ್ತು. ಆನ್ ಮಾಡಲು ನಿಲ್ಲಬೇಕು, ನಿಲ್ಲಲಿಲ್ಲ. ಹಿಂಭಾಗದ ಗೇಟು ಹತ್ತಿರವೆಂದು ಹಳೇ ಕಾಗದದ ಲಾರಿಗಳು ಬರುವ ಕಡೆಯಿಂದ ಒಳಗೆ ನುಗ್ಗಿದರು. ಗಿರಣಿ ಮೌನವಾಗಿತ್ತು. ಅಷ್ಟು ದೊಡ್ಡ ಕಟ್ಟಡ ಸದ್ದಿಲ್ಲದೆ ನಿಂತರೆ ಬೇರೆಯವರ ಮನೆಗೆ ಬಂದ ಹಾಗಿರುತ್ತದೆ.

ತೊಟ್ಟಿಯ ಬಾಗಿಲ ಬಳಿ ಕಾಗದ ಆಯುವ ಅಜ್ಜಿ ಒಬ್ಬಳೇ ನಿಂತಿದ್ದಳು. ಒಳಗೆ ಯಾರಾದರೂ ಇರುವಾಗ ಬಾಗಿಲಲ್ಲಿ ಒಬ್ಬರು ಕಾವಲಿರಬೇಕು, ಅದೂ ಸಾಹೇಬರದೇ ನಿಯಮ. ಇವರನ್ನು ಕಂಡದ್ದೇ ಅಜ್ಜಿಯ ಬಾಯಿ ತೆರೆದುಕೊಂಡಿತು.

“ಅಯ್ಯೋ ನಿಮ್ಮ! ಬದುಕಿದ್ದೀರಾ? ಸ್ವಿಚ್ಚಿನ ಮೇಲೆ ನಿಮ್ಮ ಬೀಗ, ಮೇಜಿನ ಮೇಲೆ ಡಬ್ಬಿ, ಗೇಟಲ್ಲಿ ಪಂಚಿಲ್ಲ, ಫೋನಿಲ್ಲ. ಬೈಕಲ್ಲಿ ನಿಮ್ಮ ಮನೆಗೆ ಹೋದವನು ಬೀಗ ಹಾಕಿದೆ ಅಂತ ವಾಪಸ್ ಬಂದ. ಬೇರೆ ಯಾರಾದ್ರೂ ಆಗಿದ್ರೆ ಮರೆತು ಹೋಗಿರ್ತಾನೆ ಬಿಡು ಅಂತಿದ್ವಿ. ನೀವು ಮರೀತೀರಾ? ಒಳಗೇ ಏನೋ ಆಗಿದೆ ಅಂತ…” ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಹೊಸಾ ಇಂಜಿನಿಯರ್ರು ಬೀಗ ಕತ್ತರಿಸಿ ಅಂದ್ರು, ಲಾರಿ ಕಾಯ್ತಿದೆ ಅಂತ. ಫಿಟ್ಟರು ಕಟ್ಟರ್ ಕಿತ್ಕೊಂಡು ಎಸೆದ. ನಿಮ್ಮ ಬೀಗದ ಪಕ್ಕ ತನ್ನ ಬೀಗ ಹಾಕಿ ಆಗ್ಲೇ ಇಳಿದ. ಮಿಕ್ಕವರು ಪ್ಯಾನೆಲ್ ರೂಮಲ್ಲಿದ್ದಾರೆ. ಸುರಂಗದಲ್ಲಿ ಕಾಗದದ ರಾಶಿ ಕುಸಿದಿದೆ, ನೀವು ಅದರಡಿ ಸಿಕ್ಕಿದ್ದೀರಿ ಅಂತ ಬರಿಗೈಲಿ ಬಗೀತಿದ್ದಾನೆ.”

ಆಗ ಸಾಹೇಬರಿಗೆ ಅದು ಕೇಳಿಸಿತು. ನೆಲದಡಿಯಿಂದ ಎದ್ದು, ಖಾಲಿ ತೊಟ್ಟಿಯ ಗೋಡೆಗೆ ಬಡಿದು, ದೊಡ್ಡದಾಗಿ ಬರುತ್ತಿತ್ತು ದನಿ.

“ಭಾವಾ!”

ಸಾಹೇಬರು ಓಗೊಡಲು ಬಾಯಿ ತೆರೆದರು. ಒಳಗಿದ್ದವನು ಕೂಗಿದರೆ ಹೊರಗಿದ್ದವನು ತಕ್ಷಣ ಉತ್ತರ ಕೊಡಬೇಕು. ಈ ನಿಯಮ ಗಿರಣಿಯ ಗೋಡೆಯ ಮೇಲೆ ಅವರ ಕೈಯಾರೆ ಬರೆದದ್ದು. ದನಿ ಗಂಟಲವರೆಗೆ ಬಂತು.

“ಭಾವಾ! ಎಲ್ಲಿದ್ದೀರಿ ಭಾವಾ!”

ಬಾಯಿ ಮುಚ್ಚಿದರು. ಅಜ್ಜಿ ಒಳಗೆ ಬಗ್ಗಿ ಕೂಗಲು ಹೋದಳು. ಸಾಹೇಬರು ತುಟಿಯ ಮೇಲೆ ಬೆರಳಿಟ್ಟು ಅವಳನ್ನು ತಡೆದರು. ಅಜ್ಜಿ ಬೆರಗಾಗಿ ನೋಡಿದಳು. ಅವರು ತೊಟ್ಟಿಯ ತಣ್ಣನೆಯ ಗೋಡೆಗೆ ಅಂಗೈ ಒತ್ತಿ ನಿಂತಿದ್ದರು. ದನಿ ಬಂದಾಗಲೆಲ್ಲ ಕಬ್ಬಿಣ ಸಣ್ಣಗೆ ನಡುಗುತ್ತಿತ್ತು. ಇಷ್ಟು ವರ್ಷ ಕೇಳದೇ ಇದ್ದದ್ದು ಈಗ ಒಂದರ ಹಿಂದೊಂದು ಬರುತ್ತಿತ್ತು, ಅಳುವಿನಲ್ಲಿ ಒಡೆದು, ಬೈಗುಳದಲ್ಲಿ ಬೆರೆತು: ಭಾವಾ, ಏ ಭಾವಾ, ಹಾಳಾದ ಭಾವಾ. ಓ ಎಂದುಬಿಟ್ಟರೆ ಅದು ನಿಲ್ಲುತ್ತದೆ. ನಿಂತರೆ ಮತ್ತೆ ಸಾರ್. ಇನ್ನೊಂದು ಸಲ ಕೇಳಿ ಓ ಅನ್ನೋಣ ಎಂದುಕೊಂಡರು. ಕೇಳಿದ ಮೇಲೆ, ಇನ್ನೊಂದೇ ಸಲ ಎಂದುಕೊಂಡರು. ಜೀವಮಾನದಲ್ಲಿ ಅವರು ಗೊತ್ತಿದ್ದೂ ಮುರಿದ ಮೊದಲ ನಿಯಮ ಅದು.

ಅಜ್ಜಿಗೆ ತಡೆಯಲಾಗಲಿಲ್ಲ. “ಅವನು ಒಳಗೆ ಗಂಟಲು ಹರ್ಕೊಳ್ತಿದ್ದಾನೆ, ನೀವಿಲ್ಲಿ ಕಂಬದ ಹಾಗೆ ನಿಂತಿದ್ದೀರಲ್ಲ! ನಿಮಗೇನು ಕರುಳಿಲ್ವಾ?”

“ಇಲ್ಲಿದ್ದೀನಿ!” ಎಂದು ಕೂಗಿದರು ಸಾಹೇಬರು. “ಇಲ್ಲಿದ್ದೀನಿ ಕಣೋ. ಹೊರಗಿದ್ದೀನಿ.”

ಒಳಗೆ ಸದ್ದು ನಿಂತಿತು. ಬಹಳ ಹೊತ್ತಿನ ಮೇಲೆ ಫಿಟ್ಟರು ಬಾಗಿಲಿನಿಂದ ತೆವಳಿ ಹೊರಗೆ ಬಂದ. ಮೈಯೆಲ್ಲ ಧೂಳು, ಕಾಗದದ ಚೂರು. ಬೆರಳ ತುದಿಗಳಲ್ಲಿ ರಕ್ತ. ಸಾಹೇಬರನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಮೆಟ್ಟಿಲ ಮೇಲೆ ಕುಸಿದು ಕುಳಿತ. ಅಜ್ಜಿ ಇಬ್ಬರ ಮುಖವನ್ನೂ ನೋಡಿ, ಪ್ಯಾನೆಲ್ ರೂಮಿನವರಿಗೆ ಸುದ್ದಿ ಹೇಳುವ ನೆವ ಮಾಡಿಕೊಂಡು ಜಾಗ ಖಾಲಿ ಮಾಡಿದಳು.

“ಬಂದು ಎಷ್ಟೊತ್ತಾಯ್ತು?” ಎಂದ ಫಿಟ್ಟರು.

ಸಾಹೇಬರಿಗೆ ಸುಳ್ಳು ಬರುವುದಿಲ್ಲ. “ಸ್ವಲ್ಪ ಹೊತ್ತಾಯ್ತು.”

“ನಾನು ಕೂಗ್ತಿದ್ದದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತು.”

“ಮತ್ತೆ?”

“ಓ ಅಂದ್ರೆ ನಿಲ್ಲಿಸಿಬಿಡ್ತೀಯ ಅಂತ ಸುಮ್ಮನಿದ್ದೆ.”

ಫಿಟ್ಟರು ತನ್ನ ಬೆರಳುಗಳನ್ನು ನೋಡಿಕೊಂಡ. ಆಮೇಲೆ ನೆಲ ನೋಡುತ್ತಾ, ಹರಿದ ಗಂಟಲಿನಲ್ಲಿ ಮೆಲ್ಲಗೆ ಹೇಳಿದ. “ಅಕ್ಕನೂ ಆವತ್ತು ಹೀಗೇ ಕೂಗ್ತಿದ್ಲು. ನಿಮ್ಮನ್ನ. ಅವರನ್ನ ಕರಿ, ಅವರನ್ನ ಕರಿ ಅಂತ. ಬಾಗಿಲು ನೋಡೋದು, ಕರೆಯೋದು.”

“ನಂಗೆ ಗೊತ್ತಿರ್ಲಿಲ್ಲ” ಎಂದರು ಸಾಹೇಬರು. “ನೀನು ಹೇಳ್ಲಿಲ್ಲ.”

“ಹೇಳೋಕೆ ಬಿಟ್ರಾ? ಫೋನ್ ಎತ್ತಿದೆ. ಪಾಯಿಂಟ್ ಒಂದು, ನಿನ್ನ ಬೀಗ ಸ್ವಿಚ್ಚಿನ ಮೇಲಿದೆ ಅಂದ್ರಿ. ಪಾಯಿಂಟ್ ಎರಡು, ತಕ್ಷಣ ಬಂದು ತೆಗೀಬೇಕು ಅಂದ್ರಿ. ಅರ್ಥ ಆಯ್ತಾ, ತಿರುಗಿ ಹೇಳು ಅಂದ್ರಿ. ತಿರುಗಿ ಹೇಳಿದೆ. ಇಟ್ಬಿಟ್ರಿ.” ಅವನು ಮುಖ ಎತ್ತಿದ. “ಹೇಗಿದ್ದಾಳೆ ಅಂತ ಒಂದು ಮಾತು ಕೇಳಿದ್ರೆ ನಾನು ಹೇಳ್ತಿದ್ದೆ. ಕೇಳ್ಲಿಲ್ಲ ನೀವು. ಅಷ್ಟೇ ನಂಗಿರೋದು. ಸಸ್ಪೆನ್ಷನ್ನೂ ಅಲ್ಲ, ಮತ್ತೊಂದೂ ಅಲ್ಲ.”

ಆ ಫೋನಿನ ಮಾತನ್ನು ಸಾಹೇಬರು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದರು. ನಿಯಮದ ಪ್ರಕಾರ ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಇಲ್ಲದೇ ಇದ್ದ ಮಾತನ್ನು ಅವರು ಎಂದೂ ಹುಡುಕಿರಲಿಲ್ಲ. “ಕೇಳ್ಬೇಕಿತ್ತು” ಎಂದರು. ಅಷ್ಟು ಹೊತ್ತಿಗೆ ಇಂಜಿನಿಯರೂ ಜನರೂ ಬರುವ ಸದ್ದು ಕೇಳಿಸಿತು.

ಇಬ್ಬರೂ ಪ್ಯಾನೆಲ್ ರೂಮಿಗೆ ನಡೆದರು. ಸ್ವಿಚ್ಚಿನ ಮೇಲೆ ಎರಡು ಬೀಗ ಒಂದಕ್ಕೊಂದು ತಾಗಿಕೊಂಡು ನೇತಾಡುತ್ತಿದ್ದವು. ಸಾಹೇಬರು ತಮ್ಮದನ್ನು ತೆಗೆದರು, ಅವನು ತನ್ನದನ್ನು ತೆಗೆದ. ಕೊನೆಗೆ ಹೊರಬಂದವನು ‘ಒಳಗೆ ಯಾರೂ ಇಲ್ಲ’ ಎಂದು ಕೂಗಿ ಹೇಳಿದ ಮೇಲೇ ಸ್ವಿಚ್ಚು ಹಾಕಬೇಕು. ಫಿಟ್ಟರು ಬಾಯಿ ತೆರೆದ, ದನಿ ಹೊರಡಲಿಲ್ಲ. ಅವನ ಬದಲು ಸಾಹೇಬರೇ ಕೂಗಿದರು. ತೊಟ್ಟಿ ತಿರುಗಿತು. ನಿಂತಲ್ಲೇ ಮೊದಲನೆಯ ಪೆನ್ನು ತೆಗೆದು ತಮ್ಮ ಹೆಸರಿಗೆ ಮೂರು ದಿನದ ಸಸ್ಪೆನ್ಷನ್ ಚೀಟಿ ಬರೆದು ಇಂಜಿನಿಯರ ಕೈಗೆ ಕೊಟ್ಟರು. “ನಿಮಗ್ಯಾಕೆ ಸಾರ್, ಬಿಡಿ” ಎಂದ ಆ ಹುಡುಗ ಇಂಜಿನಿಯರ್. ಸಾಹೇಬರು ಅವನನ್ನು ನೋಡಿದ ನೋಟಕ್ಕೆ ಚೀಟಿ ತೆಗೆದುಕೊಂಡ.

ಗೇಟಿನ ಬಳಿ ಫಿಟ್ಟರು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಸಾಹೇಬರು ಪಕ್ಕದಲ್ಲಿ ನಿಂತರು. ಏನು ಹೇಳಬೇಕೋ ತೋಚದೆ, “ನಾಳೆಯಿಂದ ಮೂರು ದಿನ ನಾನು ಬರಲ್ಲ” ಎಂದರು.

“ಮದುವೆ ನಾಡಿದ್ದು” ಎಂದ ಅವನು, ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಗಿಯುತ್ತಾ. “ಈ ಸಲ ಡ್ಯೂಟಿ ಇದೆ ಅನ್ನೋಕಾಗಲ್ಲ.”

“ಬರ್ಬೇಕಾ?”

“ಕಾರ್ಡ್ ಕೊಟ್ಟಿದ್ದೀನಲ್ಲ.”

ಸಾರ್ ಎನ್ನಲಿಲ್ಲ. ಭಾವ ಎಂದೂ ಅನ್ನಲಿಲ್ಲ. ಸೈಕಲ್ಲು ಹತ್ತಿ ಹೋದ.

ಮನೆಗೆ ಬಂದು ಸಾಹೇಬರು ದೀಪ ಹಾಕಿದರು. ಬೀಗವನ್ನೂ ಬೀಗದಕೈಯನ್ನೂ ತೆಗೆದು ಮೇಜಿನ ಮೇಲೆ ಒಟ್ಟಿಗಿಟ್ಟರು, ಕೇಳುವವರಿರಲಿಲ್ಲ. ಕುರ್ಚಿಯಲ್ಲಿ ಕುಳಿತು, ಅವನು ಹೇಳಿದ್ದನ್ನು ತಿರುಗಿ ಹೇಳಿ ನೋಡಿದರು. “ಕಾರ್ಡ್ ಕೊಟ್ಟಿದ್ದೀನಲ್ಲ.” ಬಾ ಎಂದ ಹಾಗೆ ಕೇಳಿಸಿತು. ಇನ್ನೊಂದು ಸಲ ಹೇಳಿದರು. ಬಂದರೆ ಬಾ, ಬಿಟ್ಟರೆ ಬಿಡು ಎಂದ ಹಾಗೆ ಕೇಳಿಸಿತು. ಗೋಡೆಯ ಆಚೆ ಬೇರೆ ಯಾರದೋ ಸಂಸಾರ, ಪಾತ್ರೆಯ ಸದ್ದು, ಮಕ್ಕಳ ಗಲಾಟೆ. ಸಾಹೇಬರು ಅದೇ ಮಾತನ್ನು ಮೆಲ್ಲಗೆ, ಜೋರಾಗಿ, ಹಲ್ಲು ಬಿಗಿಹಿಡಿದು ಅವನ ಹಾಗೇ, ಮತ್ತೆ ಮತ್ತೆ ಹೇಳಿದರು. ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. ಅರ್ಥ ಆಯ್ತಾ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಲು ಎದುರಿಗೆ ಅವನಿರಲಿಲ್ಲ.

ಹಾಗೆ ಹೇಳುತ್ತ ಹೇಳುತ್ತ ಅವನ ಇನ್ನೊಂದು ಮಾತು ಬಾಯಿಗೆ ಬಂತು. “ಬಾಗಿಲು ನೋಡೋದು, ಕರೆಯೋದು.” ಅದನ್ನೂ ಒಂದು ಸಲ ತಿರುಗಿ ಹೇಳಿದರು. ಎರಡನೇ ಸಲಕ್ಕೆ ಆಗಲಿಲ್ಲ. ಹೆಂಡತಿ ಕರೆಯುತ್ತಿದ್ದದ್ದು ಆಗ ಕೇಳಿಸಿರಲಿಲ್ಲ. ಈಗ, ಖಾಲಿ ಮನೆಯಲ್ಲಿ, ಚೆನ್ನಾಗಿ ಕೇಳಿಸಿತು. ಒಳಗಿದ್ದವರು ಕೂಗಿದರೆ ಹೊರಗಿದ್ದವರು ತಕ್ಷಣ ಉತ್ತರ ಕೊಡಬೇಕು. ಸಾಹೇಬರು ಕುರ್ಚಿಯಿಂದ ಎದ್ದು ನಿಂತರು.

“ಬಂದೆ” ಎಂದರು. “ಬಂದೆ ಕಣೇ, ಬಂದೆ.”

ಎದ್ದವರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಬಹಳ ಹೊತ್ತು ಅಲ್ಲೇ ನಿಂತಿದ್ದರು.